ಮನೆಯಂಗಳದಲ್ಲಿ ಹಾಪ್ಸ್: ಬಳ್ಳಿ, ಹಂದರ, ಕೊಯ್ಲು – ಪದೇ ಪದೇ ಕೇಳುವ ಪ್ರಶ್ನೆಗಳು

ಬಿಯರ್‌ಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಬೆಳೆಯಬೇಕೆಂದು ಹೊರಟವರು ಮೊದಲು ವಿಚಾರಿಸುವುದು ತಳಿಯನ್ನು. ಅದಕ್ಕಿಂತ ಮುಂಚೆ ಯೋಚಿಸಬೇಕಾದ್ದು ಇನ್ನೊಂದಿದೆ: ಐದು ಮೀಟರ್ ಎತ್ತರದಲ್ಲಿ ಬಿಟ್ಟ ಹೂವನ್ನು ಕೆಳಗಿಳಿಸುವುದು ಹೇಗೆ? ಬಳ್ಳಿಯನ್ನು ಮೇಲಕ್ಕೆ ಹತ್ತಿಸಲು ಯಾರ ಸಹಾಯವೂ ಬೇಡ, ಅದೇ ಹತ್ತಿಕೊಳ್ಳುತ್ತದೆ. ಇಳಿಸುವ ಕೆಲಸ ಮಾತ್ರ ಪೂರ್ತಿ ನಮ್ಮದು. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಗಿಡಕ್ಕಿಂತ ಹಂದರದ ಮಾತು ಹೆಚ್ಚು ಬರುತ್ತದೆ.

ಹಾಪ್ಸ್ ಅಂದರೆ ಯಾವ ಗಿಡ? ಅದರಲ್ಲಿ ಯಾವ ಭಾಗ ಬಳಸುತ್ತಾರೆ?

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಹ್ಯೂಮುಲಸ್ ಲ್ಯೂಪುಲಸ್. ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಬಳ್ಳಿ. ಚಳಿಗಾಲ ಬಂತೆಂದರೆ ನೆಲದ ಮೇಲಿನ ಭಾಗವೆಲ್ಲ ಒಣಗಿಹೋಗುತ್ತದೆ, ಬೇರು ಉಳಿಯುತ್ತದೆ, ವಸಂತದಲ್ಲಿ ಮತ್ತೆ ಚಿಗುರುತ್ತದೆ. ಒಮ್ಮೆ ನೆಟ್ಟ ಬುಡ ಇಪ್ಪತ್ತು ವರ್ಷ ಬಾಳುವುದು ಅಪರೂಪವಲ್ಲ.

ಬಳಸುವುದು ಹೆಣ್ಣು ಗಿಡದ ಹೂವನ್ನು. ಅದಕ್ಕೆ ಕೋನ್ ಎನ್ನುತ್ತಾರೆ. ಹಸಿರು ಪಕಳೆಗಳು ಒಂದರ ಮೇಲೊಂದು ಹೊದ್ದುಕೊಂಡ, ಹೆಬ್ಬೆರಳಿನ ಮೇಲ್ಗೆಣ್ಣಿನಷ್ಟು ದೊಡ್ಡ ಹೂ. ಒಂದನ್ನು ಉದ್ದಕ್ಕೆ ಸೀಳಿ ನೋಡಿ. ಪಕಳೆಗಳ ಬುಡದಲ್ಲಿ ಹಳದಿ ಪುಡಿ ಅಂಟಿಕೊಂಡಿರುತ್ತದೆ. ಬೆರಳಲ್ಲಿ ಉಜ್ಜಿದರೆ ಅದು ಪುಡಿಯಲ್ಲ, ಜಿಗುಟು ರಾಳ ಎಂದು ಗೊತ್ತಾಗುತ್ತದೆ. ಅದೇ ಲ್ಯೂಪುಲಿನ್. ಬಿಯರ್‌ಗೆ ಕಹಿ ಕೊಡುವ ಆಲ್ಫಾ ಆಮ್ಲಗಳೂ ಪರಿಮಳ ಕೊಡುವ ಮಿರ್ಸಿನ್, ಹ್ಯೂಮುಲಿನ್‌ನಂಥ ತೈಲಗಳೂ ಇರುವುದು ಇದರಲ್ಲೇ. ನಾವು ಮಾಡುವ ಕೆಲಸವೆಲ್ಲ ಈ ಚಿಟಿಕೆ ಹಳದಿಗಾಗಿ.

ಎಲ್ಲ ಹವಾಮಾನದಲ್ಲೂ ಬೆಳೆಯುತ್ತದೆಯೇ?

ಎಲೆ ಬಿಡುವುದು ಬಹಳ ಕಡೆ, ಚೆನ್ನಾಗಿ ಹೂ ಬಿಡುವುದು ಕೆಲವೇ ಕಡೆ. ಹಾಪ್ಸ್‌ಗೆ ಹೆಸರಾದ ಜಾಗಗಳೆಲ್ಲ ಸಾಧಾರಣವಾಗಿ 35ರಿಂದ 55 ಡಿಗ್ರಿ ಅಕ್ಷಾಂಶದ ನಡುವೆ, ಸಮಭಾಜಕದ ಎರಡೂ ಬದಿಗೆ ಇವೆ: ಜರ್ಮನಿಯ ಹಾಲರ್ಟೌ, ಚೆಕ್ ದೇಶದ ಜಾಟೆಟ್ಸ್, ಅಮೆರಿಕದ ಯಾಕಿಮಾ ಕಣಿವೆ, ನ್ಯೂಜಿಲೆಂಡಿನ ನೆಲ್ಸನ್. ಇದಕ್ಕೆ ಚಳಿಗಿಂತ ದೊಡ್ಡ ಕಾರಣ ಹಗಲಿನ ಉದ್ದ. ಹಗಲು ದೀರ್ಘವಾಗಿದ್ದಷ್ಟು ದಿನ ಬಳ್ಳಿ ಮೇಲಕ್ಕೆ ಬೆಳೆಯುತ್ತದೆ. ಸಾಕಷ್ಟು ಗೆಣ್ಣುಗಳಾದ ಮೇಲೆ ಹಗಲು ಕುಗ್ಗತೊಡಗಿದಾಗ ಹೂವಿಗೆ ತಿರುಗುತ್ತದೆ. ಸಮಭಾಜಕದ ಹತ್ತಿರ ವರ್ಷವಿಡೀ ಹಗಲು ಹನ್ನೆರಡು ಗಂಟೆಯ ಆಸುಪಾಸಿನಲ್ಲೇ ಇರುವುದರಿಂದ, ಬಳ್ಳಿ ಎದೆಮಟ್ಟಕ್ಕೆ ಬರುವ ಮೊದಲೇ ಹೂ ಬಿಟ್ಟು ನಿಂತುಬಿಡುತ್ತದೆ.

ಅಂಥ ಕಡೆ ಬೆಳೆಯುವವರು ಸಂಜೆಯ ಮೇಲೆ ದೀಪ ಹಾಕಿ ಹಗಲನ್ನು ಹಿಗ್ಗಿಸುತ್ತಾರೆ. ದಕ್ಷಿಣ ಆಫ್ರಿಕಾದ ಜಾರ್ಜ್ ಸುತ್ತಮುತ್ತ, 34 ಡಿಗ್ರಿ ಅಕ್ಷಾಂಶದಲ್ಲಿ, ಅಲ್ಲಿಗೆ ಒಗ್ಗುವ ತಳಿಗಳು ಬರುವ ಮುನ್ನ ಬೆಳೆಗಾರರು ತೋಟಕ್ಕೇ ದೀಪ ಕಟ್ಟುತ್ತಿದ್ದರು. ಮನೆಮಟ್ಟಿಗೆ ಒಂದೆರಡು ಗಿಡಕ್ಕೆ ಇದು ಅಸಾಧ್ಯವೇನಲ್ಲ. ಬಳ್ಳಿ ಹಂದರದ ತುದಿ ಮುಟ್ಟುವವರೆಗೆ ದಿನಕ್ಕೆ ಹದಿನಾರು ಗಂಟೆ ಬೆಳಕು ಸಿಗುವಂತೆ ನೋಡಿಕೊಂಡು, ಆಮೇಲೆ ದೀಪ ನಿಲ್ಲಿಸಬೇಕು.

ಗಂಡು ಗಿಡವೂ ಬೇಕೇ?

ಬೇಡ. ಗಂಡು, ಹೆಣ್ಣು ಗಿಡಗಳು ಬೇರೆ ಬೇರೆ, ಕೋನ್ ಬಿಡುವುದು ಹೆಣ್ಣು ಮಾತ್ರ, ಅದಕ್ಕೆ ಪರಾಗ ಬೇಕಿಲ್ಲ. ಹತ್ತಿರದಲ್ಲಿ ಗಂಡು ಗಿಡವಿದ್ದರೆ ಹೂವಿನ ತುಂಬ ಬೀಜ ಕಟ್ಟುತ್ತದೆ.

ಬೀಜದಿಂದ ಬೆಳೆಸಬಹುದೇ?

ಬೆಳೆಸಬಹುದು, ಆದರೆ ಬೆಳೆಸಬೇಡಿ. ಸುಮಾರು ಅರ್ಧ ಗಂಡಾಗುತ್ತವೆ, ಉಳಿದವೂ ತಾಯಿಗಿಡದ ಗುಣ ಹೊತ್ತು ಬರುವುದಿಲ್ಲ. ಬೇರುಕಾಂಡ, ಅಂದರೆ ರೈಜೋಮ್ ತುಂಡನ್ನೋ ಕುಂಡದಲ್ಲಿ ಬೇರುಬಿಟ್ಟ ಸಸಿಯನ್ನೋ ತನ್ನಿ. ಎರಡರಲ್ಲಿ ಸಸಿ ಸಿಕ್ಕಿದರೆ ಅದೇ ಒಳ್ಳೆಯದು. ರೋಗವಿಲ್ಲವೆಂದು ಖಾತ್ರಿ ಕೊಡುವ ನರ್ಸರಿಯದಾದರೆ ಇನ್ನೂ ಒಳ್ಳೆಯದು, ಏಕೆಂದರೆ ಹಾಪ್ಸ್‌ನ ವೈರಸ್‌ಗಳು ಬೇರುಕಾಂಡದ ಜೊತೆಗೇ ಪ್ರಯಾಣ ಮಾಡುತ್ತವೆ.

ಮೊದಲ ಬಾರಿಗೆ ಯಾವ ತಳಿ?

ಕ್ಯಾಸ್ಕೇಡ್. 1972ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ತಳಿ ಇದು. ದ್ರಾಕ್ಷಿಹಣ್ಣಲ್ಲ, ಗ್ರೇಪ್‌ಫ್ರೂಟ್ ಎಂಬ, ಕಿತ್ತಳೆ ಜಾತಿಯ ಕಹಿ ಹಣ್ಣಿನ ಸಿಪ್ಪೆ ಹಿಂಡಿದಂಥ ವಾಸನೆ. ಮಣ್ಣು, ಹವೆ ಸ್ವಲ್ಪ ಆಚೀಚೆಯಾದರೂ ಸಹಿಸಿಕೊಂಡು ಗೊಂಚಲು ಗೊಂಚಲಾಗಿ ಬಿಡುತ್ತದೆ. ಕಹಿಗೆ ಹೆಚ್ಚು ಒತ್ತು ಬೇಕಾದವರಿಗೆ ಚಿನೂಕ್, ನಗೆಟ್ ಒಳ್ಳೆಯವು. ಸಾಜ್, ಹಾಲರ್ಟೌ ಮಿಟ್ಟೆಲ್‌ಫ್ರೂ, ಫಗಲ್, ಗೋಲ್ಡಿಂಗ್ಸ್ ಇವುಗಳ ಪರಿಮಳ ಬಹಳ ಸೊಗಸು, ಇಳುವರಿ ಕಡಿಮೆ, ಆರೈಕೆ ಹೆಚ್ಚು. ಸಾಜ್ ಎಂಬುದು ಜಾಟೆಟ್ಸ್ ಊರಿನ ಜರ್ಮನ್ ಹೆಸರು. ಆ ಊರನ್ನೂ ಸುತ್ತಲಿನ ಹಾಪ್ಸ್ ತೋಟಗಳನ್ನೂ ಯುನೆಸ್ಕೊ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಿಟ್ರಾ, ಮೊಸಾಯಿಕ್ ಬೇಕೆಂದು ಬಹಳ ಜನ ಹುಡುಕುತ್ತಾರೆ. ಅವು ಹಕ್ಕುಸ್ವಾಮ್ಯದ ತಳಿಗಳು, ಪರವಾನಗಿ ಪಡೆದ ತೋಟಗಳಿಗೆ ಮಾತ್ರ ನೆಡಲು ಕೊಡುತ್ತಾರೆ. ಆ ಹೆಸರಲ್ಲಿ ಯಾರಾದರೂ ಬೇರು ಮಾರಿದರೆ ನಂಬಬೇಡಿ.

ಎತ್ತರದ ಹಂದರಕ್ಕೆ ಅವಕಾಶವೇ ಇಲ್ಲದವರಿಗೆ ಫಸ್ಟ್ ಗೋಲ್ಡ್‌ನಂಥ ಗಿಡ್ಡ ತಳಿಗಳಿವೆ. ಎರಡೂವರೆ, ಮೂರು ಮೀಟರ್ ಬೇಲಿಯ ಮೇಲೆಯೇ ಹೂ ಕೊಡುವಂತೆ ಇಂಗ್ಲೆಂಡಿನ ವೈ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ತಳಿ ಇದು.

ಜಾಗ ಮತ್ತು ಮಣ್ಣು ಹೇಗಿರಬೇಕು?

ದಿನಕ್ಕೆ ಆರರಿಂದ ಎಂಟು ಗಂಟೆ ನೇರ ಬಿಸಿಲು. ನೀರು ನಿಲ್ಲದ ಮಣ್ಣು. ರಸಸಾರ, ಅಂದರೆ ಪಿಎಚ್, 6ರಿಂದ 7ರ ಒಳಗೆ. ಇವುಗಳಲ್ಲಿ ರಾಜಿ ಮಾಡಿಕೊಳ್ಳಲೇಬಾರದ್ದು ನೀರು ಬಸಿಯುವ ಗುಣ. ಮೊಣಕಾಲುದ್ದ ಗುಂಡಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೆಯ ಸಲದ ನೀರು ಮರುದಿನವೂ ನಿಂತಿದ್ದರೆ ಆ ಜಾಗ ಬಿಡಿ, ಇಲ್ಲವೇ ಮಣ್ಣು ಏರಿಸಿ ದಿಬ್ಬ ಮಾಡಿ ನೆಡಿ. ಒದ್ದೆ ನೆಲದಲ್ಲಿ ಬೇರು ಕೊಳೆತು ಸತ್ತ ಗಿಡಗಳು ಬರದಿಂದ ಸತ್ತವುಗಳಿಗಿಂತ ಹೆಚ್ಚು.

ತಲೆಯೆತ್ತಿಯೂ ನೋಡಿ. ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಅಲ್ಲಿ ಹಾಪ್ಸ್ ಬೇಡವೇ ಬೇಡ.

ನೆಡುವ ಕ್ರಮ ಏನು?

ಹಿಮ ಬೀಳುವ ಅಪಾಯ ಕಳೆದ ವಸಂತದಲ್ಲಿ, ಮೊಳಕೈ ಆಳದ ಗುಂಡಿ ತೋಡಿ, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ಬೇರುಕಾಂಡವನ್ನು ಮಲಗಿಸಿ ನೆಡಿ. ಕಣ್ಣುಗಳು ಮೇಲ್ಮುಖವಾಗಿರಲಿ. ಶುಂಠಿ ನೆಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ 5ರಿಂದ 8 ಸೆಂಟಿಮೀಟರ್ ಮಣ್ಣು ಸಾಕು. ಒಂದೇ ತಳಿಯಾದರೆ ಗಿಡದಿಂದ ಗಿಡಕ್ಕೆ ಒಂದು ಮೀಟರ್ ಅಂತರ, ಬೇರೆ ಬೇರೆ ತಳಿಗಳಾದರೆ ಒಂದೂವರೆಯಿಂದ ಎರಡು ಮೀಟರ್. ಬೇರುಗಳು ನೆಲದಡಿಯಲ್ಲಿ ಹೆಣೆದುಕೊಂಡರೆ ಮೂರನೆಯ ವರ್ಷ ಯಾವ ಚಿಗುರು ಯಾವ ತಳಿಯದೆಂದು ಹೇಳುವುದೇ ಕಷ್ಟ.

ಕುಂಡದಲ್ಲಿ ಬೆಳೆಯಬಹುದೇ?

50 ಲೀಟರಿಗಿಂತ ದೊಡ್ಡ ಕುಂಡವಾದರೆ ಬೆಳೆಯಬಹುದು. ಬೇಸಿಗೆಯಲ್ಲಿ ದಿನವೂ ನೀರು ಕೇಳುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಬೇರು ಸವರಿ ಮಣ್ಣು ಬದಲಿಸಬೇಕು. ನೆಲದ ಗಿಡದಷ್ಟು ಇಳುವರಿ ಬರುವುದಿಲ್ಲ.

ಹಂದರ ಎಷ್ಟು ಎತ್ತರ ಇರಬೇಕು?

ಅಮೆರಿಕದ ತೋಟಗಳಲ್ಲಿ ಸುಮಾರು ಐದೂವರೆ ಮೀಟರ್, ಜರ್ಮನಿಯಲ್ಲಿ ಏಳು ಮೀಟರ್. ಮನೆಗೆ ನಾಲ್ಕರಿಂದ ಐದು ಮೀಟರ್ ಸಾಕು. ಹೂವಿನ ಹೆಚ್ಚಿನ ಪಾಲು ಬಳ್ಳಿಯ ಮೇಲರ್ಧದಿಂದ ಹೊರಡುವ ಪಕ್ಕದ ಕವಲುಗಳಲ್ಲಿ ಬಿಡುವುದರಿಂದ, ಎತ್ತರ ಕಡಿಮೆಯಾದಷ್ಟೂ ಆ ಭಾಗ ಒಂದರ ಮೇಲೊಂದು ಒತ್ತಿಕೊಂಡು ಗಾಳಿಯಾಡದೆ ಹೋಗುತ್ತದೆ. ಮೂರು ಮೀಟರಿಗಿಂತ ಕೆಳಗೆ ಇಳಿಯಬೇಕಾದರೆ ನೇರ ಹಂದರದ ಆಸೆ ಬಿಟ್ಟು, ಬಳ್ಳಿ ಮೇಲೆ ಮುಟ್ಟಿದೊಡನೆ ಬೇಲಿಯ ಉದ್ದಕ್ಕೆ ಅಡ್ಡ ಹಬ್ಬಿಸಿ. ಅಡ್ಡಕ್ಕೆ ಅದು ತಾನಾಗಿ ಹೋಗುವುದಿಲ್ಲ. ಎರಡು ದಿನಕ್ಕೊಮ್ಮೆ ಕುಡಿಯನ್ನು ಕೈಯಿಂದ ತಿರುಗಿಸಿ ಕೂರಿಸಬೇಕು.

ಯಾವ ಬಗೆಯ ಹಂದರ ಒಳ್ಳೆಯದು?

ಒಂದೆರಡು ಗಿಡವಿದ್ದರೆ ಒಂಟಿ ಕಂಬ. ತುದಿಯಲ್ಲಿ ಒಂದು ರಾಟೆ, ರಾಟೆಯ ಹಗ್ಗಕ್ಕೊಂದು ಕಬ್ಬಿಣದ ಬಳೆ, ಆ ಬಳೆಯಿಂದ ಗಿಡದ ಬುಡಗಳಿಗೆ ಓರೆಯಾಗಿ ಇಳಿಯುವ ನಾಲ್ಕು ಹುರಿಗಳು. ಗುಡಾರದ ಆಕಾರ ಬರುತ್ತದೆ. ಬಳ್ಳಿಗಳು ಕೆಳಗೆ ದೂರ ದೂರ ಇದ್ದು ಮೇಲೆ ಕೂಡುವುದರಿಂದ ತುದಿಯಲ್ಲಿ ಸ್ವಲ್ಪ ದಟ್ಟಣೆಯಾಗುತ್ತದೆ, ಅದೊಂದೇ ಕೊರತೆ.

ಮೂರು ಗಿಡಕ್ಕಿಂತ ಹೆಚ್ಚಿದ್ದರೆ ಎರಡು ಕಂಬ, ನಡುವೆ ಉಕ್ಕಿನ ಹೆಣೆದ ತಂತಿ, ತಂತಿಯಿಂದ ಇಳಿಬಿಟ್ಟ ಹುರಿಗಳು. ಬಟ್ಟೆ ಒಣಗಿಸುವ ತಂತಿಯ ರೂಪವೇ, ಎತ್ತರ ಮಾತ್ರ ಹೆಚ್ಚು. ನನ್ನ ಅಂಗಳದಲ್ಲಿ ಈಗ ಇರುವುದು ಇದು, ನಾಲ್ಕು ಗಿಡಕ್ಕೆ ಆರು ಮೀಟರ್ ಉದ್ದ.

ಮನೆಯ ಗೋಡೆಗೆ ಹಬ್ಬಿಸುವುದು ಸುಲಭವೆಂದು ಕಾಣುತ್ತದೆ. ಸೂರಿನ ತೊಲೆಗೆ ಗಟ್ಟಿ ಕೊಕ್ಕೆ ಹಾಕಿ, ಹುರಿಯನ್ನು ಗೋಡೆಯಿಂದ ಒಂದು ಮೀಟರ್ ಆಚೆ ನೆಲಕ್ಕೆ ಓರೆಯಾಗಿ ಕಟ್ಟಿದರೆ ಆಗುತ್ತದೆ. ಗೋಡೆಗೆ ಅಂಟಿಸಿ ಮಾತ್ರ ಬೆಳೆಸಬೇಡಿ. ಗಾಳಿ ಆಡದು, ಬಿಸಿಲಿಗೆ ಗೋಡೆ ಕಾದು ನುಸಿ ಹೆಚ್ಚುತ್ತದೆ. ಮಳೆನೀರು ಇಳಿಯುವ ಕೊಳವೆಗೆ ಕಟ್ಟುವುದಂತೂ ಬೇಡವೇ ಬೇಡ, ಅದು ಆ ಭಾರಕ್ಕೆ ಮಾಡಿದ್ದಲ್ಲ.

ಕಂಬ ಎಷ್ಟು ದಪ್ಪ, ಎಷ್ಟು ಆಳ?

ನನ್ನ ಮೊದಲ ಹಂದರ ಬಿದ್ದದ್ದು ಇದರಲ್ಲೇ. ಐದು ಮೀಟರ್ ಕಂಬವನ್ನು ಅರ್ಧ ಮೀಟರಷ್ಟೇ ಹೂತಿದ್ದೆ. ಎರಡು ವರ್ಷ ಗಟ್ಟಿಯಾಗಿ ನಿಂತಿತ್ತು. ಮೂರನೆಯ ವರ್ಷ ಬಳ್ಳಿಗಳು ತುಂಬಿ, ಕೊಯ್ಲಿಗೆ ಹತ್ತು ದಿನವಿರುವಾಗ ಒಂದು ರಾತ್ರಿ ಗಾಳಿಮಳೆ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಕಂಬ ಮುರಿದಿರಲಿಲ್ಲ. ಬುಡದ ಮಣ್ಣನ್ನು ಸನಿಕೆಯಿಂದ ಎಬ್ಬಿದಂತೆ ಎಬ್ಬಿಕೊಂಡು ಇಡೀ ಹಂದರ ಹೂವಿನ ಸಮೇತ ಕೆಸರಿನಲ್ಲಿ ಮಲಗಿತ್ತು. ಒಣ ದಿನ ಎತ್ತಿ ನೋಡಿದ ಬಳ್ಳಿಯ ಭಾರವನ್ನು ನಂಬಿದ್ದೆ. ಎಲೆಯೆಲ್ಲ ನೆನೆದು, ಇಡೀ ಹಸಿರು ಗೋಡೆ ಹಾಯಿಯಂತೆ ಗಾಳಿ ಹಿಡಿದಾಗ ಲೆಕ್ಕವೇ ಬೇರೆ.

ಈಗ ಪಾಲಿಸುವ ನಿಯಮ: ಕಂಬದ ಒಟ್ಟು ಉದ್ದದ ಹತ್ತನೆಯ ಒಂದು ಭಾಗ, ಅದರ ಮೇಲೆ 60 ಸೆಂಟಿಮೀಟರ್. ಆರು ಮೀಟರ್ ಕಂಬವಾದರೆ 120 ಸೆಂಟಿಮೀಟರ್ ನೆಲದೊಳಗೆ, ಹೊರಗೆ 480. ಮರದ ಕಂಬವಾದರೆ ಬುಡದಲ್ಲಿ ಕನಿಷ್ಠ 12 ಸೆಂಟಿಮೀಟರ್ ದಪ್ಪ ಇರಲಿ, ನೆಲದೊಳಗೆ ಕೊಳೆಯದಂತೆ ಸಂಸ್ಕರಿಸಿದ್ದಾಗಿರಲಿ. ಗುಂಡಿಯ ತಳದಲ್ಲಿ ಒಂದು ಗೇಣು ಜಲ್ಲಿ ಹಾಕಿ, ಕಂಬ ನಿಲ್ಲಿಸಿ, ಮಣ್ಣನ್ನು ಪದರ ಪದರವಾಗಿ ತುಂಬಿ ಹಾರೆಯ ಹಿಂದುಗಡೆಯಿಂದ ಗಟ್ಟಿಯಾಗಿ ಧಮ್ಮಸ್ ಮಾಡಿ. ಎರಡು ಕಂಬದ ಹಂದರದಲ್ಲಿ ಕಂಬಗಳು ಸ್ವಲ್ಪ ಹೊರಕ್ಕೆ ವಾಲಿರಲಿ, ಭಾರ ಬಿದ್ದಾಗ ನೆಟ್ಟಗಾಗುತ್ತವೆ.

ಅಷ್ಟಾದರೂ ಸ್ಟೇ ವೈರ್ ಬಿಡುವಂತಿಲ್ಲ. ಕಂಬದ ತುದಿಯಿಂದ ಹೊರಮುಖವಾಗಿ, ನೆಲಕ್ಕೆ 45 ಡಿಗ್ರಿ ಕೋನದಲ್ಲಿ ಇಳಿದು, ನೆಲದಲ್ಲಿ ಹೂತ ಆ್ಯಂಕರ್‌ಗೆ ಕಟ್ಟಿದ ತಂತಿ. ಅಂಗಳದಲ್ಲಿ ಅಷ್ಟು ದೂರ ಸಿಗದಿದ್ದರೆ 60 ಡಿಗ್ರಿವರೆಗೆ ಕಡಿದಾಗಿಸಬಹುದು, ತಂತಿಯ ಮೇಲಿನ ಎಳೆತ ಅಷ್ಟೇ ಹೆಚ್ಚುತ್ತದೆ. ಮಕ್ಕಳು ಓಡಾಡುವ ಜಾಗವಾದರೆ ಆ ತಂತಿಗೆ ಎದ್ದುಕಾಣುವ ಬಣ್ಣದ ಬಟ್ಟೆ ಸುತ್ತಿ.

ಮೇಲಿನ ತಂತಿಯನ್ನು ಎಷ್ಟು ಬಿಗಿಯಬೇಕು?

ಬಿಗಿಯಬೇಡಿ, ಜೋಲು ಬಿಡಿ. ತಂತಿ ಗೆರೆ ಎಳೆದಂತೆ ನೆಟ್ಟಗಿದ್ದರೆ ಹಂದರ ಗಟ್ಟಿ ಎಂದು ಬಹುತೇಕ ಎಲ್ಲರೂ ತಿಳಿದಿರುತ್ತಾರೆ. ಆಗುವುದು ಅದಕ್ಕೆ ತದ್ವಿರುದ್ಧ.

ಲೆಕ್ಕ ಹಾಕೋಣ. ಆರು ಮೀಟರ್ ತಂತಿ, ನಾಲ್ಕು ಗಿಡ, ಮಳೆಯಲ್ಲಿ ನೆನೆದಾಗ ಗಿಡಕ್ಕೆ ಹತ್ತು ಕಿಲೋದಂತೆ ಒಟ್ಟು ನಲವತ್ತು ಕಿಲೋ ಭಾರ ಸಮನಾಗಿ ಹಂಚಿದೆ ಎನ್ನಿ. ಕಂಬದ ತುದಿಯ ಮೇಲೆ ಬೀಳುವ ಅಡ್ಡ ಎಳೆತ ಸುಮಾರಾಗಿ ಭಾರವನ್ನು ಉದ್ದದಿಂದ ಗುಣಿಸಿ, ಜೋಲಿನ ಎಂಟರಷ್ಟರಿಂದ ಭಾಗಿಸಿದಷ್ಟು. ತಂತಿ ನಡುವಿನಲ್ಲಿ 15 ಸೆಂಟಿಮೀಟರ್ ಮಾತ್ರ ಜೋತಿದ್ದರೆ ಎಳೆತ 200 ಕಿಲೋ. 60 ಸೆಂಟಿಮೀಟರ್ ಜೋತರೆ 50 ಕಿಲೋ. ಅದೇ ಗಿಡ, ಅದೇ ಹೂ, ಕಂಬದ ಪಾಲಿಗೆ ನಾಲ್ಕು ಪಟ್ಟು ಹಗುರ. ಆ 200 ಕಿಲೋ ಎಳೆತವನ್ನು 45 ಡಿಗ್ರಿಯ ಸ್ಟೇ ವೈರ್ ತಡೆಯಬೇಕಾದರೆ ಅದರ ಮೇಲೆ ಬೀಳುವುದು 283 ಕಿಲೋ. ಗಾಳಿಯನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ.

ಆದ್ದರಿಂದ ಕಂಬವನ್ನು ಅರ್ಧ ಮೀಟರ್ ಎತ್ತರಿಸಿಕೊಳ್ಳಿ, ತಂತಿಯನ್ನು ಧಾರಾಳವಾಗಿ ಜೋಲು ಬಿಡಿ. 4 ಅಥವಾ 5 ಮಿಲಿಮೀಟರ್ ದಪ್ಪದ, ಸತು ಲೇಪಿಸಿದ ಹೆಣೆದ ಉಕ್ಕಿನ ತಂತಿ ಸಾಕು. ತುದಿಗಳನ್ನು ಗಂಟು ಹಾಕದೆ, ಪ್ರತಿ ತುದಿಗೆ ಮೂರರಂತೆ ಕ್ಲ್ಯಾಂಪ್ ಹಾಕಿ ಬಿಗಿಯಿರಿ.

ಏಣಿ ಹತ್ತದೆ ಕೊಯ್ಯುವುದು ಹೇಗೆ?

ರಾಟೆಯಿಂದ. ಹೊಸದಾಗಿ ಹಂದರ ಕಟ್ಟುವ ಪ್ರತಿಯೊಬ್ಬರಿಗೂ ಇದನ್ನು ಒತ್ತಾಯಪೂರ್ವಕ ಹೇಳುತ್ತೇನೆ. ತೋಟದವರು ಕೊಯ್ಲಿನ ದಿನ ಬಳ್ಳಿಯನ್ನು ಬುಡದಲ್ಲಿ, ತುದಿಯಲ್ಲಿ ಕತ್ತರಿಸಿ ಇಡಿಯಾಗಿ ಸಾಗಿಸುತ್ತಾರೆ. ಅವರ ಕಡೆ ಯಂತ್ರಗಳಿವೆ. ನಾವು ಏಣಿಯ ಮೇಲೆ ನಿಂತು, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಒದ್ದೆ ಬಳ್ಳಿ ಹಿಡಿಯುವುದು ಅಪಾಯದ ಕೆಲಸ.

ಎರಡು ಕಂಬಗಳ ತುದಿಯಲ್ಲೂ ಒಂದೊಂದು ರಾಟೆ ಹಾಕಿ. ಮೇಲಿನ ತಂತಿಯ ಎರಡು ತುದಿಗೂ ಗಟ್ಟಿ ಹಗ್ಗ ಕಟ್ಟಿ, ಅದನ್ನು ರಾಟೆಯ ಮೇಲೆ ಹಾಯಿಸಿ ಕೆಳಗೆ ತಂದು, ಎದೆಮಟ್ಟದಲ್ಲಿ ಕಂಬಕ್ಕೆ ಹೊಡೆದ ಕಬ್ಬಿಣದ ಗೂಟಕ್ಕೆ ಎಂಟರ ಆಕಾರದಲ್ಲಿ ಸುತ್ತಿ. ಇಳಿಸುವಾಗ ಎರಡು ಕಡೆ ಇಬ್ಬರು ನಿಂತು, ಗೂಟಕ್ಕೆ ಒಂದು ಸುತ್ತು ಉಳಿಸಿಕೊಂಡೇ ಹಗ್ಗವನ್ನು ನಿಧಾನ ಬಿಡಬೇಕು. ಒಟ್ಟಿಗೆ ಬಿಟ್ಟರೆ ಅಂಗೈ ಸುಲಿದುಹೋಗುತ್ತದೆ. ರಾಟೆಗೆ ಪಕ್ಕದ ತಗಡಿನ ಕವಚ ಇರಲಿ, ಇಲ್ಲವಾದರೆ ಜೋಲು ಬಿದ್ದ ಕ್ಷಣ ಹಗ್ಗ ಚಕ್ರದಿಂದ ಜಾರಿ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ಏಣಿ ಹತ್ತದೆ ಗತಿಯಿಲ್ಲ.

ಇಳಿಸಿದ್ದನ್ನು ಮತ್ತೆ ಏರಿಸಬಹುದು ಎನ್ನುವುದು ರಾಟೆಯ ದೊಡ್ಡ ಲಾಭ. ಒಂದೇ ಬಳ್ಳಿಯ ಕೋನ್‌ಗಳು ಒಂದೇ ದಿನ ಹಣ್ಣಾಗುವುದಿಲ್ಲ. ಬುಡ ಕತ್ತರಿಸದೆ ಇಳಿಸಿ, ಬಲಿತದ್ದನ್ನು ಬಿಡಿಸಿಕೊಂಡು, ಮತ್ತೆ ಮೇಲೇರಿಸಿ ಹತ್ತು ದಿನ ಬಿಟ್ಟರೆ ಉಳಿದದ್ದೂ ಸಿಗುತ್ತದೆ. ಬಿರುಗಾಳಿಯ ಸೂಚನೆ ಇದ್ದ ಸಂಜೆ ಇಡೀ ಹಂದರವನ್ನು ಅರ್ಧಕ್ಕೆ ಇಳಿಸಿಯೂ ಇಡಬಹುದು.

ಹುರಿ ಯಾವುದು ಬಳಸಬೇಕು?

ತೆಂಗಿನ ನಾರಿನ ಹುರಿ. ಅಮೆರಿಕದ ದೊಡ್ಡ ತೋಟಗಳಲ್ಲೂ ಇದನ್ನೇ ಕಟ್ಟುತ್ತಾರೆ. ಹಾಪ್ಸ್ ಬಳ್ಳಿಗೆ ಹೀರೆ, ಹಾಗಲದಂತೆ ಸುರುಳಿ ಕುಡಿಗಳಿಲ್ಲ. ಕಾಂಡದ ಮೇಲಿನ ಗಡುಸು ಕೊಕ್ಕೆರೋಮಗಳಿಂದ ಕಚ್ಚಿಕೊಂಡು ಹತ್ತುತ್ತದೆ. ಬೆರಳಿಂದ ಕಾಂಡವನ್ನು ಕೆಳಗಿನಿಂದ ಮೇಲಕ್ಕೆ ಸವರಿ, ಆಮೇಲೆ ಮೇಲಿನಿಂದ ಕೆಳಕ್ಕೆ ಸವರಿ ನೋಡಿ: ಒಂದು ಕಡೆ ನಯ, ಇನ್ನೊಂದು ಕಡೆ ಬೆಕ್ಕಿನ ನಾಲಗೆ. ಒರಟು ನಾರಿನಲ್ಲಿ ಆ ರೋಮಗಳಿಗೆ ಹಿಡಿತ ಸಿಗುತ್ತದೆ. ನೈಲಾನ್ ನುಣುಪು, ಭಾರವಾದ ಬಳ್ಳಿ ಜಾರಿ ಬುಡದಲ್ಲಿ ಗುಡ್ಡೆ ಬೀಳುತ್ತದೆ. ಅಲ್ಲದೆ ನಾರಿನ ಹುರಿಯನ್ನು ಬಳ್ಳಿಯ ಜೊತೆಗೇ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಬಹುದು. ಪ್ರತಿ ವರ್ಷ ಹೊಸ ಹುರಿ ಕಟ್ಟಿ. ಹಳೆಯದು ನೋಡಲು ಗಟ್ಟಿಯಿದ್ದರೂ ಒಳಗೆ ಕೊಳೆತಿರುತ್ತದೆ.

ಎಷ್ಟು ಚಿಗುರು ಬಿಡಬೇಕು? ಯಾವ ದಿಕ್ಕಿಗೆ ಸುತ್ತಬೇಕು?

ಗಿಡಕ್ಕೆ ಎರಡು ಹುರಿ, ಹುರಿಗೆ ಎರಡು ಅಥವಾ ಮೂರು ಬಳ್ಳಿ. ಉಳಿದದ್ದೆಲ್ಲ ಕತ್ತರಿಸಿ. ವಸಂತದ ಮೊಟ್ಟಮೊದಲ ಚಿಗುರುಗಳು ದಪ್ಪ, ಕೊಬ್ಬಿದ, ಒಳಟೊಳ್ಳು ಕಾಂಡದವು. ಅವನ್ನು ನೋಡಿ ಖುಷಿಯಾಗುತ್ತದೆ, ಕತ್ತರಿಸಲು ಮನಸ್ಸು ಬರುವುದಿಲ್ಲ. ಎರಡನೆಯ ವರ್ಷದಿಂದ ಅವನ್ನೇ ಮೊದಲು ತೆಗೆಯಬೇಕು. ಆಮೇಲೆ ಬರುವ ತೆಳ್ಳನೆಯವು ಸಮನಾಗಿ ಬೆಳೆದು ಹೆಚ್ಚು ಕವಲೊಡೆಯುತ್ತವೆ. ಕತ್ತರಿಸಿದ ಎಳೆ ಚಿಗುರನ್ನು ಬೇಯಿಸಿ ತಿನ್ನಬಹುದು, ಬೆಲ್ಜಿಯಂನಲ್ಲಿ ಅದು ವಸಂತದ ವಿಶೇಷ ತರಕಾರಿ.

ಒಂದು ಮೊಳ ಉದ್ದವಾದಾಗ ಹುರಿಗೆ ಹಚ್ಚಿ. ದಿಕ್ಕು ಪ್ರದಕ್ಷಿಣೆಯದು, ಅಂದರೆ ಹುರಿ ಬಲಗಡೆಗಿರುವಂತೆ ಸುತ್ತು ಬರುವ ದಿಕ್ಕು. ಇದು ಗಿಡದ ಹುಟ್ಟುಗುಣ, ಭೂಮಿಯ ಯಾವ ಗೋಳಾರ್ಧದಲ್ಲಿ ನೆಟ್ಟರೂ ಹೀಗೆಯೇ. ಎದುರು ದಿಕ್ಕಿಗೆ ಸುತ್ತಿದರೆ ಮರುದಿನ ಬಿಚ್ಚಿಕೊಂಡು ಗಾಳಿಯಲ್ಲಿ ತೂಗುತ್ತಿರುತ್ತದೆ. ಬೆಳಗಿನ ಹೊತ್ತು ಕಾಂಡ ನೀರು ತುಂಬಿ ಪೆಡಸಾಗಿರುತ್ತದೆ, ತಟ್ಟನೆ ಮುರಿಯುತ್ತದೆ. ಮಧ್ಯಾಹ್ನ ಬಿಸಿಲಿಗೆ ಸ್ವಲ್ಪ ಬಾಡಿದ ಮೇಲೆ ಸುತ್ತಿ.

ತುದಿ ಮುರಿದರೆ ಆ ಬಳ್ಳಿ ಅಲ್ಲಿಗೆ ನಿಂತಿತು. ಪಕ್ಕದ ಕವಲು ಮುಂದುವರಿದರೂ ಮೊದಲಿನ ವೇಗ ಇರುವುದಿಲ್ಲ. ಹಾಗಾಗಿ ಒಂದೆರಡು ಬಳ್ಳಿಯನ್ನು ಕೈಮೀಸಲಾಗಿ ಇಟ್ಟುಕೊಂಡು, ಉಳಿದವು ಎದೆಮಟ್ಟ ದಾಟಿದ ಮೇಲೆ ತೆಗೆಯಿರಿ. ಬೇಸಿಗೆಯ ಏರುಹೊತ್ತಿನಲ್ಲಿ ದಿನಕ್ಕೆ 30 ಸೆಂಟಿಮೀಟರ್‌ವರೆಗೂ ಬೆಳೆಯುವ ಬಳ್ಳಿ ಇದು. ಬೆಳಿಗ್ಗೆ ಹುರಿಗೆ ದಾರ ಕಟ್ಟಿ ಗುರುತು ಮಾಡಿ, ಸಂಜೆ ನೋಡಿ.

ನೀರು, ಗೊಬ್ಬರ?

ಮೊದಲ ವರ್ಷ ಬೇರು ಸಣ್ಣದು, ಸ್ವಲ್ಪ ಸ್ವಲ್ಪ ನೀರು ಪದೇ ಪದೇ. ಆಮೇಲೆ ಆಳಕ್ಕೆ ಇಳಿಯುವಂತೆ ವಾರಕ್ಕೆರಡು ಸಲ, ಬುಡಕ್ಕೆ. ಹನಿ ನೀರಾವರಿ ಇದ್ದರೆ ಅದಕ್ಕಿಂತ ಬೇರೆ ಬೇಡ. ಎಲೆಯ ಮೇಲೆ ನೀರು ಹೊಡೆಯುವುದು ರೋಗಕ್ಕೆ ಕರೆಯೋಲೆ.

ಸಾರಜನಕವನ್ನು ಚಿಗುರಿನ ಕಾಲದಿಂದ ಬಳ್ಳಿ ತುದಿ ಮುಟ್ಟುವವರೆಗೆ ಧಾರಾಳವಾಗಿ ಕೊಡಿ. ಪಕ್ಕದ ಕವಲು ಮೂಡಿ ಹೂವಿನ ಮೊಗ್ಗು ಕಾಣಿಸಿದ ಮೇಲೆ ನಿಲ್ಲಿಸಿ. ಆಮೇಲೂ ಕೊಟ್ಟರೆ ಎಲೆ ಕೊಬ್ಬಿ, ಹೇನು ಮುತ್ತಿ, ಹೂ ಸೊರಗುತ್ತದೆ.

ರೋಗ, ಕೀಟಗಳಲ್ಲಿ ಯಾವುದಕ್ಕೆ ಹೆದರಬೇಕು?

ಮೊದಲು ಡೌನಿ ಮಿಲ್ಡ್ಯೂ ಎಂಬ ಬೂಷ್ಟು ರೋಗಕ್ಕೆ. ತಂಪು, ಒದ್ದೆ ವಸಂತದಲ್ಲಿ ಕೆಲವು ಚಿಗುರುಗಳು ಗಿಡ್ಡಗಾಗಿ, ಬಿಳಿಚಿ, ಎಲೆ ಕೆಳಕ್ಕೆ ಮುದುಡಿ, ಮುಟ್ಟಿದರೆ ಮುರಿಯುವಂತಾಗಿ ನಿಲ್ಲುತ್ತವೆ. ಎಲೆ ತಿರುಗಿಸಿದರೆ ಅಡಿಯಲ್ಲಿ ಬೂದು-ಕಪ್ಪು ಮಸಿ. ಅದು ಬುಡದೊಳಗೆ ಕೂತು ವರ್ಷದಿಂದ ವರ್ಷಕ್ಕೆ ಉಳಿಯುತ್ತದೆ. ಕಂಡ ದಿನವೇ ಆ ಚಿಗುರುಗಳನ್ನು ಕಿತ್ತು ಚೀಲದಲ್ಲಿ ಕಟ್ಟಿ ಹೊರಹಾಕಿ, ಗೊಬ್ಬರದ ಗುಂಡಿಗೆ ಬೇಡ. ಬಳ್ಳಿ ಎರಡು ಮೀಟರ್ ದಾಟಿದ ಮೇಲೆ ಕೆಳಗಿನ ಮುಕ್ಕಾಲು ಮೀಟರಿನ ಎಲೆಗಳನ್ನೆಲ್ಲ ತೆಗೆದುಬಿಡಿ. ನೆಲದಿಂದ ಸಿಡಿಯುವ ನೀರು ಮುಟ್ಟುವುದಿಲ್ಲ, ಗಾಳಿಯೂ ಆಡುತ್ತದೆ. ಮನೆಮಟ್ಟದಲ್ಲಿ ಇದಕ್ಕಿಂತ ಒಳ್ಳೆಯ ಔಷಧಿ ನಾನು ಕಂಡಿಲ್ಲ. ಎಲೆಯ ಮೇಲೆ ಬಿಳಿ ಹಿಟ್ಟು ಚಿಮುಕಿಸಿದಂತೆ ಕಂಡರೆ ಅದು ಬೂದಿ ರೋಗ, ಗಂಧಕದ ಸಿಂಪಡಣೆಗೆ ಬಗ್ಗುತ್ತದೆ. ಹೂ ಬಿಟ್ಟ ಮೇಲೆ ಮಾತ್ರ ಗಂಧಕ ಬೇಡ.

ಒಣಹವೆಯಲ್ಲಿ ಕೆಂಪು ನುಸಿ ಬರುತ್ತದೆ. ಎಲೆ ಕಂಚಿನ ಬಣ್ಣಕ್ಕೆ ತಿರುಗಿ, ಅಡಿಯಲ್ಲಿ ನವಿರಾದ ಬಲೆ ಕಾಣುತ್ತದೆ. ಹಾಪ್ಸ್ ಹೇನು ಚಳಿಗಾಲವನ್ನು ಪ್ಲಮ್ ಜಾತಿಯ ಮರಗಳಲ್ಲಿ ಕಳೆದು ವಸಂತದಲ್ಲಿ ಹಾರಿ ಬರುತ್ತದೆ. ಎರಡಕ್ಕೂ ಕಂಡ ಕೂಡಲೇ ಕೀಟನಾಶಕ ಹೊಡೆದರೆ ಅವುಗಳನ್ನು ತಿನ್ನುವ ಗುಲಗಂಜಿ ಹುಳುಗಳೂ ಸಾಯುತ್ತವೆ, ನುಸಿ ದುಪ್ಪಟ್ಟಾಗಿ ಮರಳುತ್ತದೆ. ಸ್ವಲ್ಪ ಕಾಯಿರಿ.

ಮೊದಲ ವರ್ಷ ಹೂವೇ ಬರಲಿಲ್ಲ. ಏನು ತಪ್ಪಾಯಿತು?

ಏನೂ ಇಲ್ಲ. ಮೊದಲ ವರ್ಷ ಬೇರಿನದು. ಎರಡನೆಯ ವರ್ಷ ಅರ್ಧ ಫಸಲು, ಮೂರನೆಯದರಿಂದ ಪೂರ್ತಿ. ಚೆನ್ನಾಗಿ ಬೆಳೆದ ಗಿಡ ಒಣಗಿಸಿದ ಮೇಲೆ ಅರ್ಧ ಕಿಲೋದಷ್ಟು ಹೂ ಕೊಡಬಹುದು.

ಕೊಯ್ಲಿಗೆ ಬಂದಿದೆ ಎಂದು ತಿಳಿಯುವುದು ಹೇಗೆ?

ಕೈಯಿಂದ, ಕಿವಿಯಿಂದ, ಮೂಗಿನಿಂದ. ಎಳೆಯ ಕೋನ್ ಹಿಸುಕಿದರೆ ತಣ್ಣಗೆ, ಮೆತ್ತಗೆ, ಅಮುಕಿದಂತೆಯೇ ಉಳಿಯುತ್ತದೆ. ಬಲಿತದ್ದು ಹಗುರ, ಕಾಗದದಂತೆ ಸರಸರ ಸದ್ದು, ಬಿಟ್ಟೊಡನೆ ಮತ್ತೆ ಉಬ್ಬುತ್ತದೆ. ಸೀಳಿದರೆ ಲ್ಯೂಪುಲಿನ್ ತಿಳಿಹಳದಿಯಿಂದ ಗಾಢ ಹಳದಿಗೆ ತಿರುಗಿರುತ್ತದೆ. ಕಿತ್ತಳೆ, ಕಂದು ಬಣ್ಣಕ್ಕೆ ಹೋಗಿದ್ದರೆ ತಡವಾಯಿತು. ಮೂಸಿದಾಗ ಹುಲ್ಲಿನ ವಾಸನೆಯಿದ್ದರೆ ಇನ್ನೂ ಬೇಗ, ಈರುಳ್ಳಿ-ಬೆಳ್ಳುಳ್ಳಿಯ ಘಾಟು ಮೊದಲಾಗಿದ್ದರೆ ಹೊತ್ತು ಮೀರುತ್ತಿದೆ. ಹೊರಪಕಳೆಗಳ ತುದಿ ಅಲ್ಲಲ್ಲಿ ಕಂದಾಗುವುದು ಸಹಜ.

ತುಂಬು ತೋಳಿನ ಅಂಗಿ, ಕೈಗವಸು ಹಾಕಿಕೊಳ್ಳಿ. ಕಾಂಡದ ರೋಮ ತರಚಿ, ಮೇಲೆ ರಾಳ ತಾಕಿ ಹಲವರಿಗೆ ಚರ್ಮ ಕೆಂಪಗೆ ಉರಿಯುತ್ತದೆ.

ಒಣಗಿಸುವುದು ಹೇಗೆ?

ಹಸಿ ಕೋನ್‌ನಲ್ಲಿ ನೂರಕ್ಕೆ 75ರಿಂದ 80ರಷ್ಟು ನೀರು. ಅದನ್ನು 8ರಿಂದ 10ಕ್ಕೆ ಇಳಿಸಬೇಕು. ಕಿಟಕಿಯ ಸೊಳ್ಳೆಪರದೆಯನ್ನು ಚೌಕಟ್ಟಿಗೆ ಬಿಗಿದು, ಮೇಲೆ ತೆಳ್ಳಗೆ ಹರಡಿ, ಅಡಿಯಿಂದ ಫ್ಯಾನ್ ಗಾಳಿ ಬರುವಂತೆ ನೆರಳಲ್ಲಿ ಇಟ್ಟರೆ ಎರಡು ಮೂರು ದಿನ. ಬಿಸಿ ಕೊಡುವುದಾದರೆ 50 ಡಿಗ್ರಿ ದಾಟಿಸಬೇಡಿ, ತೈಲಗಳು ಹಾರಿಹೋಗುತ್ತವೆ. ಬಿಸಿಲಿಗೆ ಹಾಕಬೇಡಿ.

ಪಕಳೆ ಗರಿಗರಿಯಾದರೂ ನಡುವಿನ ದೇಟು ಒದ್ದೆಯಿರುತ್ತದೆ. ಎಷ್ಟೋ ಜನರ ಹಾಪ್ಸ್ ಬೂಷ್ಟು ಹಿಡಿಯುವುದು ಇದರಿಂದಲೇ. ಕೋನ್ ಬಗ್ಗಿಸಿ, ದೇಟು ಬಾಗದೆ ಪಟ್ಟನೆ ಮುರಿಯಬೇಕು. ತೂಕದಿಂದಲೂ ಹೇಳಬಹುದು: ನೂರು ಗ್ರಾಂ ಹಸಿ ಹೂವನ್ನು ಬೇರೆ ಇಟ್ಟು ಇನ್ನು ತೂಕ ಇಳಿಯದು ಎನ್ನುವಷ್ಟು ಒಣಗಿಸಿ. 22 ಗ್ರಾಂ ಉಳಿದರೆ, ಉಳಿದ ರಾಶಿ ಪ್ರತಿ ನೂರು ಗ್ರಾಂಗೆ 24 ಗ್ರಾಂ ಆದಾಗ ಸರಿಯಾದ ಹದ.

ಒಣಗಿದ್ದನ್ನು ಗಾಳಿ ತೆಗೆದ ಚೀಲದಲ್ಲಿ ಮುಚ್ಚಿ ಫ್ರೀಜರಿನಲ್ಲಿಡಿ. ಬೆಳಕು, ಬಿಸಿ, ಗಾಳಿ ಮೂರೂ ಶತ್ರುಗಳು. ಹಳತಾಗಿ ಕೆಟ್ಟ ಹಾಪ್ಸ್ ಚೀಸ್‌ನ ವಾಸನೆ ಹೊಡೆಯುತ್ತದೆ.

ಮನೆಯ ಹಾಪ್ಸ್‌ನ ಕಹಿ ಎಷ್ಟೆಂದು ಲೆಕ್ಕ ಹಾಕುವುದು ಹೇಗೆ?

ಪ್ರಯೋಗಾಲಯಕ್ಕೆ ಕಳಿಸದೆ ಆಲ್ಫಾ ಆಮ್ಲದ ಪ್ರಮಾಣ ತಿಳಿಯದು, ಅದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ ಕೂಡ. ಬಿಯರ್ ಮಾಡುವಾಗ ಕಹಿಗಾಗಿ ಒಂದು ಗಂಟೆ ಕುದಿಸುವುದಕ್ಕೆ ಆ ಪ್ರಮಾಣ ಬರೆದಿರುವ ಹಾಪ್ಸ್ ಕೊಂಡು ಬಳಸಿ. ನಿಮ್ಮದನ್ನು ಕುದಿಯ ಕೊನೆಯ ನಿಮಿಷಗಳಿಗೆ, ಪರಿಮಳಕ್ಕೆ ಮೀಸಲಿಡಿ. ಒಣಗಿಸದೆ ಹಸಿಯಾಗಿಯೇ ಹಾಕುವುದಾದರೆ ಬಿಡಿಸಿದ ದಿನವೇ, ಒಣಹೂವಿನ ನಾಲ್ಕೈದು ಪಟ್ಟು ತೂಕದಲ್ಲಿ.

ಮನೆಯಲ್ಲಿ ನಾಯಿ ಇದೆ. ತೊಂದರೆಯಿದೆಯೇ?

ಇದೆ, ಗಂಭೀರವಾದದ್ದು. ಹಾಪ್ಸ್ ತಿಂದ ನಾಯಿಗೆ ಮೈಬಿಸಿ ಹತೋಟಿ ಮೀರಿ ಏರಿ ಪ್ರಾಣವೇ ಹೋಗಬಹುದು. ಬಳ್ಳಿಯಿಂದ ಉದುರಿದ್ದು, ಒಣಗಲು ಹರಡಿದ್ದು, ಬಿಯರ್ ಕುದಿಸಿ ಸೋಸಿದ ಚರಟ, ಎಲ್ಲವೂ ಅಪಾಯವೇ. ಬುಡದ ಸುತ್ತ ಬೇಲಿ ಹಾಕಿ, ಚರಟವನ್ನು ತೆರೆದ ಗೊಬ್ಬರ ಗುಂಡಿಗೆ ಹಾಕಬೇಡಿ. ನಾಯಿ ತಿಂದಿದೆ ಎಂಬ ಅನುಮಾನ ಬಂದರೂ ಸಾಕು, ಲಕ್ಷಣಕ್ಕೆ ಕಾಯದೆ ಪಶುವೈದ್ಯರಲ್ಲಿಗೆ ಓಡಿ.

ಕೊಯ್ಲಾದ ಮೇಲೆ ಏನು ಕೆಲಸ?

ರಾಟೆ ಇಟ್ಟವರು ಬಳ್ಳಿಯನ್ನು ಕೂಡಲೇ ಕಡಿಯಬೇಡಿ. ಎಲೆ ಹಸಿರಿರುವಷ್ಟು ದಿನ ಅದು ಬೇರಿಗೆ ಮುಂದಿನ ವರ್ಷದ ಆಹಾರ ಇಳಿಸುತ್ತಿರುತ್ತದೆ. ಹಿಮ ಬಿದ್ದು ಪೂರ್ತಿ ಒಣಗಿದ ಮೇಲೆ ಗೇಣುದ್ದ ಬಿಟ್ಟು ಕತ್ತರಿಸಿ, ಬುಡಕ್ಕೆ ಕಾಂಪೋಸ್ಟ್ ಹಾಕಿ ಒಣಹುಲ್ಲಿನ ಮುಚ್ಚಿಗೆ ಕೊಡಿ. ವಸಂತ ಬರುವ ಮುನ್ನ ಬುಡದ ಸುತ್ತ ಎರಡಡಿ ಅಳತೆಯಲ್ಲಿ ಸನಿಕೆಯನ್ನು ನೇರ ಇಳಿಸಿ, ಹೊರಗೆ ಓಡಿದ ಬೇರುಕಾಂಡಗಳನ್ನು ಕಡಿದು ತೆಗೆಯಿರಿ. ಹಾಗೆ ಮಾಡದಿದ್ದರೆ ಮೂರು ವರ್ಷದಲ್ಲಿ ಹೂವಿನ ಪಾತಿಯ ನಡುವೆಲ್ಲ ಹಾಪ್ಸ್ ಏಳುತ್ತದೆ. ತೆಗೆದ ತುಂಡುಗಳಲ್ಲಿ ಎರಡು ಮೂರು ಕಣ್ಣಿರುವುದನ್ನು ಆರಿಸಿ, ಒದ್ದೆ ಮರದ ಹೊಟ್ಟಿನಲ್ಲಿ ಸುತ್ತಿ ತಣ್ಣಗಿಡಿ. ಕೇಳಿದವರಿಗೆ ಕೊಡಬಹುದು. ಹೊಸ ಹುರಿ ಕಟ್ಟುವ ಮುಂಚೆ, ಬರಿ ಹಂದರವನ್ನು ಒಮ್ಮೆ ಕೆಳಗಿಳಿಸಿ, ರಾಟೆಗೆ ಎಣ್ಣೆ ಬಿಟ್ಟು, ಹಗ್ಗ ಸವೆದಿದೆಯೇ, ಕ್ಲ್ಯಾಂಪ್ ಸಡಿಲಾಗಿದೆಯೇ ನೋಡಿ ಮತ್ತೆ ಏರಿಸಿ.